ಊರಲ್ಲಿ ತಣ್ಣಗೆ, ಘಾಟಿಯಲ್ಲಿ ಕೆಂಪು ಮುಳ್ಳು: ಒಂದು ಕಾರಿನ ಹೀಟ್ ಕಂಪ್ಲೇಂಟ್

ಕಾರು 2014ರ ಪೆಟ್ರೋಲ್ ಹ್ಯಾಚ್‌ಬ್ಯಾಕ್. 1.2 ಲೀಟರ್, ನಾಲ್ಕು ಸಿಲಿಂಡರ್. ಒಂದು ಲಕ್ಷ ಕಿಲೋಮೀಟರ್ ದಾಟಿದೆ. ಈಗಿನ ಮಾಲೀಕರು ಅರಸೀಕೆರೆ ಕಡೆಯವರು, ಸೆಕೆಂಡ್ ಹ್ಯಾಂಡ್‌ನಲ್ಲಿ ತೆಗೆದುಕೊಂಡಿದ್ದಾರೆ. ಅವರ ಕಂಪ್ಲೇಂಟ್ ಒಂದೇ ಸಾಲಿನದು: ಊರೊಳಗೆ ಎಷ್ಟು ಓಡಿಸಿದರೂ ಏನೂ ಆಗಲ್ಲ, ಶಿರಾಡಿ ಘಾಟಿ ಹತ್ತುವಾಗ ಮಾತ್ರ ಟೆಂಪರೇಚರ್ ಮುಳ್ಳು ಕೆಂಪಿಗೆ ಹೋಗುತ್ತೆ.

ಎರಡು ಸಲ ಹಾಗಾಗಿದೆ. ಎರಡೂ ಸಲ ಕುಕ್ಕೆ ಸುಬ್ರಹ್ಮಣ್ಯದಿಂದ ವಾಪಸ್ ಬರುವಾಗ. ಗುಂಡ್ಯದಲ್ಲಿ ಹೆದ್ದಾರಿಗೆ ಸೇರಿ, ಸಕಲೇಶಪುರದ ಕಡೆ ಹತ್ತುವ ದಾರಿ. ಕಾರಲ್ಲಿ ನಾಲ್ಕು ಜನ, ಎಸಿ ಆನ್, ಮುಂದೆ ಲೋಡ್ ಲಾರಿಗಳ ಸಾಲು. ಅವರು ಒಂದು ಒಳ್ಳೆಯ ಕೆಲಸ ಮಾಡಿದ್ದರು. ಮುಳ್ಳು ಕೆಂಪು ಮುಟ್ಟಿದ ಕೂಡಲೇ ಬದಿಗೆ ಹಾಕಿ ಎಂಜಿನ್ ಆಫ್ ಮಾಡಿದ್ದರು. 'ಇನ್ನೇನು ಸ್ವಲ್ಪ ದೂರ, ಹೋಗಿಬಿಡೋಣ' ಅಂದಿದ್ದರೆ ಈ ಬರಹ ಬೇರೆ ಥರ ಇರುತ್ತಿತ್ತು. ಎಂಜಿನ್ನಿನ ಮೇಲ್ಭಾಗದ ಅಲ್ಯೂಮಿನಿಯಂ ಹೆಡ್ ಅಷ್ಟು ಬಿಸಿಯಲ್ಲಿ ಬೇಗ ಸೊಟ್ಟಗಾಗುತ್ತದೆ.

ಸಕಲೇಶಪುರದ ನಮ್ಮ ಗ್ಯಾರೇಜಿಗೆ ಬರುವ ಮೊದಲು ಬೇರೆ ಕಡೆ ಹೊಸ ರೇಡಿಯೇಟರ್ ಹಾಕಿಸಿದ್ದರು. ಕ್ಯಾಪ್ ಹೊಸದು, ಹಸಿರು ಕೂಲಂಟ್ ಹೊಸದು. ಆಮೇಲೂ ಘಾಟಿಯಲ್ಲಿ ಅದೇ ಕತೆ. 'ಹಾಗಿದ್ರೆ ಹೆಡ್ ಗ್ಯಾಸ್ಕೆಟ್ ಹೋಗಿದೆ, ಹೆಡ್ ಇಳಿಸಬೇಕು' ಎಂದು ಅಲ್ಲಿ ಹೇಳಿದ್ದಾರೆ. ಹೆಡ್‌ಗೂ ಅದರ ಕೆಳಗಿನ ಎಂಜಿನ್ ಬ್ಲಾಕ್‌ಗೂ ನಡುವಿನ ಸೀಲ್ ಅದು. ಅಂದಾಜು ಮೂವತ್ತು ಸಾವಿರ. ಆ ದುಡ್ಡು ಹಾಕುವ ಮುಂಚೆ ಇನ್ನೊಬ್ಬರ ಹತ್ತಿರ ತೋರಿಸೋಣ ಎಂದು ಬಂದಿದ್ದರು.

ಹೀಟ್ ಕಂಪ್ಲೇಂಟ್ ಬಂದಾಗ ನಾನು ಮೊದಲು ಕೇಳುವುದು 'ಯಾವಾಗ' ಎಂದು. ಬಾನೆಟ್ ತೆರೆಯುವುದು ಆಮೇಲೆ. ಸಿಗ್ನಲ್‌ನಲ್ಲಿ ನಿಂತಾಗ ಬಿಸಿಯಾಗಿ, ಓಡಲು ಶುರು ಮಾಡಿದರೆ ಇಳಿಯುತ್ತದೆ ಅಂದರೆ ಗಾಳಿಯ ಸಮಸ್ಯೆ. ಫ್ಯಾನ್ ನೋಡಬೇಕು, ಅದನ್ನು ಆನ್-ಆಫ್ ಮಾಡುವ ರಿಲೇ ನೋಡಬೇಕು, ಎಸಿ ಕಂಡೆನ್ಸರ್‌ಗೂ ರೇಡಿಯೇಟರ್‌ಗೂ ನಡುವೆ ಕೂತ ಹುಳ, ಧೂಳು, ಹೊಟ್ಟು ನೋಡಬೇಕು. ನಿಂತಾಗ ಸರಿ ಇದ್ದು, ಏರು ಹತ್ತುವಾಗ ಅಥವಾ ಹೈವೇಯಲ್ಲಿ ಮಾತ್ರ ಬಿಸಿಯಾದರೆ ಹೆಚ್ಚಾಗಿ ನೀರು ಓಡಾಡುವ ಸಮಸ್ಯೆ. ಥರ್ಮೋಸ್ಟಾಟ್ (ಎಂಜಿನ್ ಬಿಸಿಯಾದಾಗ ರೇಡಿಯೇಟರ್‌ಗೆ ನೀರು ಬಿಡುವ ವಾಲ್ವ್), ವಾಟರ್ ಪಂಪ್, ಕಟ್ಟಿಕೊಂಡ ರೇಡಿಯೇಟರ್ ಟ್ಯೂಬ್, ಎಳೆತಕ್ಕೆ ಒಳಗೆ ಮುದುಡುವ ಕೆಳಗಿನ ಹೋಸ್. ತಣ್ಣಗಿನ ಎಂಜಿನ್ ಸ್ಟಾರ್ಟ್ ಮಾಡಿದ ಒಂದೆರಡು ನಿಮಿಷಕ್ಕೇ ಮೇಲಿನ ಹೋಸ್ ಕಲ್ಲಿನಂತೆ ಗಟ್ಟಿಯಾದರೆ, ಕೂಲಂಟ್ ಬಾಟಲಿಯಲ್ಲಿ ಗುಳ್ಳೆ ಬಂದರೆ, ಆಗ ಹೆಡ್ ಗ್ಯಾಸ್ಕೆಟ್ ಮೇಲೆ ಅನುಮಾನ ಪಡಬೇಕು. ಇದು ಕಟ್ಟುನಿಟ್ಟಿನ ನಿಯಮವಲ್ಲ. ಆದರೆ ಹುಡುಕಾಟ ಎಲ್ಲಿಂದ ಶುರು ಮಾಡಬೇಕು ಎಂದು ಇದು ಹೇಳುತ್ತದೆ.

ಈ ಕಾರು ಹೆಡ್ ಗ್ಯಾಸ್ಕೆಟ್ ಕತೆಗೆ ಹೊಂದುತ್ತಿರಲಿಲ್ಲ. ಆದರೂ ಮೂವತ್ತು ಸಾವಿರದ ಮಾತು ಬಂದಿರುವಾಗ ಸುಮ್ನೆ ಅನಿಸಿಕೆ ಹೇಳುವುದು ಸರಿಯಲ್ಲ. ಮೊದಲು ಅದನ್ನೇ ಪರೀಕ್ಷೆ ಮಾಡಿದೆ. ಎಂಜಿನ್ ತಣ್ಣಗಿದ್ದಾಗ ಕೂಲಿಂಗ್ ಸಿಸ್ಟಮ್‌ಗೆ ಕೈಪಂಪಿನಿಂದ ಕ್ಯಾಪ್ ಮೇಲೆ ಬರೆದಷ್ಟೇ ಒತ್ತಡ, 0.9 ಬಾರ್, ಕೊಟ್ಟು ಕಾಲು ಗಂಟೆ ಬಿಟ್ಟೆ. ಪಂಪಿನ ಮೀಟರ್ ಮುಳ್ಳು ಅಲ್ಲಾಡಲಿಲ್ಲ. ಲೀಕ್ ಇಲ್ಲ. ಆಮೇಲೆ ಎಂಜಿನ್ ಬಿಸಿ ಮಾಡಿ ನೀಲಿ ದ್ರವದ ಪರೀಕ್ಷೆ. ರೇಡಿಯೇಟರ್ ಬಾಯಿಯ ಗಾಳಿಯನ್ನು ಈ ದ್ರವದ ಮೂಲಕ ಎಳೆಯುತ್ತೇವೆ. ಸಿಲಿಂಡರ್‌ನ ಹೊಗೆ ನೀರಿಗೆ ಸೇರುತ್ತಿದ್ದರೆ ಅದರಲ್ಲಿರುವ ಕಾರ್ಬನ್ ಡೈಆಕ್ಸೈಡ್‌ನಿಂದ ನೀಲಿ ಹೋಗಿ ಹಳದಿಯಾಗುತ್ತದೆ. ಇಲ್ಲಿ ನೀಲಿ ನೀಲಿಯಾಗೇ ಉಳಿಯಿತು. ಸ್ಪಾರ್ಕ್ ಪ್ಲಗ್ ತೆಗೆದು ಕಂಪ್ರೆಶನ್ ನೋಡಿದೆ, ನಾಲ್ಕೂ ಸಿಲಿಂಡರ್ ಸಮ ಇದ್ದವು. ಆಯಿಲ್‌ನಲ್ಲಿ ನೀರಿಲ್ಲ. ಗ್ಯಾಸ್ಕೆಟ್ ಸರಿ ಇದೆ. ಹೆಡ್ ಮುಟ್ಟುವ ಅಗತ್ಯವೇ ಇಲ್ಲ.

ಇಷ್ಟು ಮಾಡುವಾಗ ಒಂದು ವಿಷಯ ಕಣ್ಣಿಗೆ ಬಿತ್ತು. ಕೀ ತಿರುಗಿಸಿದ ಕೂಡಲೇ ರೇಡಿಯೇಟರ್ ಫ್ಯಾನ್ ಓಡುತ್ತಿತ್ತು. ತಣ್ಣಗಿನ ಎಂಜಿನ್, ಬೆಳಗಿನ ಹೊತ್ತು, ಫ್ಯಾನ್ ಫುಲ್ ಸ್ಪೀಡ್. ವೈರ್ ಹಿಡಿದುಕೊಂಡು ಹೋದರೆ ರಿಲೇ ಬದಿಗಿಟ್ಟು, ಇಗ್ನಿಷನ್ ವೈರ್‌ನಿಂದ ನೇರ ಎಳೆದು ಟೇಪ್ ಸುತ್ತಿದ್ದಾರೆ. 'ಫ್ಯಾನ್ ಡೈರೆಕ್ಟ್' ಎನ್ನುತ್ತೇವಲ್ಲ, ಅದು. ಟೇಪ್ ಹಳೆಯದು, ಅಂಟು ಒಣಗಿತ್ತು. ಈಗಿನ ಮಾಲೀಕರಿಗೆ ಗೊತ್ತೇ ಇಲ್ಲ. ಅಂದರೆ ಈ ಕಾರಿಗೆ ಹೀಟ್ ಕಂಪ್ಲೇಂಟ್ ಹೊಸದಲ್ಲ. ಹಿಂದಿನವರ ಕಾಲದಲ್ಲೇ ಇತ್ತು, ಮುಚ್ಚಿಟ್ಟು ಮಾರಿದ್ದಾರೆ ಅಥವಾ ಸರಿಯಾಯಿತು ಎಂದು ನಂಬಿ ಮಾರಿದ್ದಾರೆ.

ಸ್ಕ್ಯಾನರ್ ಹಾಕಿ ಸಮತಟ್ಟು ರಸ್ತೆಯಲ್ಲಿ ಓಡಿಸಿದೆ. ಡ್ಯಾಶ್‌ಬೋರ್ಡ್ ಮುಳ್ಳನ್ನು ನಾನು ಜಾಸ್ತಿ ನಂಬುವುದಿಲ್ಲ. ಈಗಿನ ಎಷ್ಟೋ ಕಾರುಗಳಲ್ಲಿ ದೊಡ್ಡ ಅಂತರದ ಬಿಸಿಗೆಲ್ಲ ಮುಳ್ಳು ನಡುವೆಯೇ ನಿಲ್ಲುವ ಹಾಗೆ ಮಾಡಿರುತ್ತಾರೆ. ಗ್ರಾಹಕರು ಗಾಬರಿಯಾಗದಿರಲಿ ಎಂದು. ಸ್ಕ್ಯಾನರ್‌ನಲ್ಲಿ ಡಿಗ್ರಿ ಕಾಣಿಸುತ್ತದೆ. ಇಲ್ಲಿ ಕಂಡದ್ದು 68ರಿಂದ 72. ಎಷ್ಟು ಹೊತ್ತು ಓಡಿಸಿದರೂ ಅದಕ್ಕಿಂತ ಮೇಲೆ ಹೋಗಲಿಲ್ಲ.

ಈ ಪ್ರಕರಣದ ಬೀಗದ ಕೈ ಸಿಕ್ಕಿದ್ದು ಇಲ್ಲೇ. 'ಹೀಟ್ ಆಗುತ್ತೆ' ಎಂದು ಬಂದ ಕಾರು ಸಮತಟ್ಟಿನಲ್ಲಿ ಬೇಕಾದಷ್ಟು ಬಿಸಿಯೇ ಆಗುತ್ತಿಲ್ಲ. ಈ ಎಂಜಿನ್ 85ರಿಂದ 95 ಡಿಗ್ರಿ ನಡುವೆ ಇರಬೇಕು. 70ರಲ್ಲಿ ಓಡಿದರೆ ಇಸಿಯು, ಅಂದರೆ ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್, ಅದನ್ನು ಇನ್ನೂ ಬಿಸಿಯಾಗದ ಎಂಜಿನ್ ಎಂದುಕೊಂಡು ಪೆಟ್ರೋಲ್ ಜಾಸ್ತಿ ಬಿಡುತ್ತದೆ. ಮೈಲೇಜ್ ಕೇಳಿದೆ. 'ಹನ್ನೆರಡು ದಾಟಲ್ಲ, ಹಳೇ ಗಾಡಿ ಅಲ್ವಾ' ಎಂದರು. ಹಳೆಯದಾದ್ದಕ್ಕಲ್ಲ, ತಣ್ಣಗಿದ್ದದ್ದಕ್ಕೆ.

ಸಮತಟ್ಟಿನಲ್ಲಿ ತಣ್ಣಗೆ, ಏರಿನಲ್ಲಿ ಕೆಂಪು. ಎರಡೂ ಒಂದೇ ಕಾರಿನಲ್ಲಿ ಹೇಗೆ? ಇದಕ್ಕೆ ಘಾಟಿ ಎಂಜಿನ್ ಮೇಲೆ ಎಷ್ಟು ಭಾರ ಹಾಕುತ್ತದೆ ಎಂದು ತಿಳಿದಿರಬೇಕು. ಗುಂಡ್ಯದಿಂದ ಸಕಲೇಶಪುರಕ್ಕೆ ಏಳೆಂಟು ನೂರು ಮೀಟರ್ ಎತ್ತರದ ವ್ಯತ್ಯಾಸ. ಜನರೂ ಲಗೇಜೂ ಸೇರಿ 1,300 ಕಿಲೋ ತೂಕದ ಕಾರನ್ನು ಅಷ್ಟು ಎತ್ತಲು ಸುಮಾರು 10 ಮೆಗಾಜೂಲ್ ಬೇಕು. ಪೆಟ್ರೋಲ್ ಎಂಜಿನ್ ಇಂಧನದ ಕಾಲು ಭಾಗದಷ್ಟನ್ನು ಮಾತ್ರ ಚಕ್ರಕ್ಕೆ ಕೊಡುತ್ತದೆ ಎಂದಿಟ್ಟುಕೊಂಡರೆ, ಬರೀ ಎತ್ತರ ಏರಲು ಒಂದು ಲೀಟರ್‌ಗಿಂತ ಜಾಸ್ತಿ ಪೆಟ್ರೋಲ್ ಸುಡಬೇಕು. ಸುಟ್ಟದ್ದರಲ್ಲಿ ಹೆಚ್ಚುಕಮ್ಮಿ ಮೂರನೇ ಒಂದು ಭಾಗದ ಬಿಸಿ ಕೂಲಂಟ್‌ಗೆ ಹೋಗುತ್ತದೆ. ಲಾರಿ ಹಿಂದೆ ಎರಡನೇ ಗೇರಿನಲ್ಲಿ ಹೋಗುವಾಗ ಮುಂದಿನಿಂದ ಗಾಳಿಯೂ ಬೀಸುವುದಿಲ್ಲ. ಎಸಿ ಕಂಡೆನ್ಸರ್‌ನ ಬಿಸಿಗಾಳಿ ನೇರ ರೇಡಿಯೇಟರ್‌ಗೆ. ಊರಿನಲ್ಲಿ ಸಣ್ಣಪುಟ್ಟ ಕೊರತೆಯನ್ನೆಲ್ಲ ಫ್ಯಾನ್ ಮುಚ್ಚಿಹಾಕುತ್ತದೆ. ಶಿರಾಡಿಯಲ್ಲಿ ಮುಚ್ಚಲು ಆಗುವುದಿಲ್ಲ.

ಹಾಗಾಗಿ ಅದೇ ಪರಿಸ್ಥಿತಿಯಲ್ಲಿ ಅಳೆಯಬೇಕಿತ್ತು. ರೇಡಿಯೇಟರ್‌ನ ಮೇಲಿನ ಮತ್ತು ಕೆಳಗಿನ ಹೋಸ್ ಮೇಲೆ ಕಪ್ಪು ಟೇಪ್ ಅಂಟಿಸಿದೆ. ಇನ್ಫ್ರಾರೆಡ್ ಗನ್ ಹೊಳೆಯುವ ಅಲ್ಯೂಮಿನಿಯಂ ಮೇಲೆ ಸುಳ್ಳು ಹೇಳುತ್ತದೆ, ಕಪ್ಪು ಟೇಪ್ ಮೇಲೆ ಹಿಡಿದರೆ ನಂಬಬಹುದು. ಗುಂಡ್ಯಕ್ಕೆ ಇಳಿದು, ನಾಲ್ಕು ಜನ ಕೂತು, ಎಸಿ ಹಾಕಿ ಹತ್ತಿದೆವು. ಸ್ಕ್ಯಾನರ್‌ನಲ್ಲಿ ಡಿಗ್ರಿ ಏರುತ್ತಲೇ ಹೋಯಿತು. 80, 90, 100. 108ಕ್ಕೆ ಬದಿಗೆ ನಿಲ್ಲಿಸಿ, ಎಂಜಿನ್ ಐಡಲ್‌ನಲ್ಲಿರುವಾಗಲೇ ಗನ್ ಹಿಡಿದೆ. ಮೇಲಿನ ಹೋಸ್ 102. ಕೆಳಗಿನ ಹೋಸ್ 64.

38 ಡಿಗ್ರಿ ಅಂತರ. ಇದನ್ನು ನೋಡಿ 'ರೇಡಿಯೇಟರ್ ಭಾರಿ ಚೆನ್ನಾಗಿ ತಣ್ಣಗೆ ಮಾಡ್ತಿದೆ' ಎನಿಸಬಹುದು. ಮಾಡುತ್ತಿರುವುದು ನಿಜ, ಆದರೆ ಅದಕ್ಕೆ ಸಿಗುತ್ತಿರುವ ನೀರು ತೀರಾ ಕಡಿಮೆ. ಬೇಕಾದಷ್ಟು ನೀರು ಹರಿಯುತ್ತಿದ್ದರೆ ಮೇಲೆ ಕೆಳಗೆ ಅಂತರ ಹತ್ತರ ಆಸುಪಾಸು ಇರುತ್ತದೆ. ನೀರು ನಿಧಾನವಾಗಿ ಜಿನುಗುತ್ತಿದ್ದರೆ ಒಳಗೇ ಜಾಸ್ತಿ ಹೊತ್ತು ಉಳಿದು ಪೂರ್ತಿ ತಣ್ಣಗಾಗುತ್ತದೆ, ಅತ್ತ ಎಂಜಿನ್ ಬೇಯುತ್ತದೆ. ರೇಡಿಯೇಟರ್ ಹೊಸದು, ಟ್ಯೂಬ್ ಕಟ್ಟಿರುವ ಸಾಧ್ಯತೆ ಕಡಿಮೆ. ಕೆಳಗಿನ ಹೋಸ್ ಮುದುಡಿಲ್ಲ. ಉಳಿದದ್ದು ಥರ್ಮೋಸ್ಟಾಟ್ ಮತ್ತು ಪಂಪ್. ಸಮತಟ್ಟಿನ 70 ಡಿಗ್ರಿ ಥರ್ಮೋಸ್ಟಾಟ್ ಕಡೆಗೇ ಬೆರಳು ತೋರಿಸುತ್ತಿತ್ತು.

ಗ್ಯಾರೇಜಿಗೆ ತಂದು, ರಾತ್ರಿಯಿಡೀ ಆರಲು ಬಿಟ್ಟು, ಬೆಳಿಗ್ಗೆ ಥರ್ಮೋಸ್ಟಾಟ್ ಹೌಸಿಂಗ್ ಬಿಚ್ಚಿದೆ. ಒಳಗೆ ಏನೂ ಇಲ್ಲ. ಬರೀ ರಬ್ಬರ್ ರಿಂಗ್, ಅದರ ಸುತ್ತ ಕೆಂಪು ಸೀಲಂಟ್. ವಾಲ್ವನ್ನು ಯಾರೋ ತೆಗೆದುಹಾಕಿದ್ದರು.

ನಮ್ಮ ಕಡೆ ಇದು ಬಹಳ ಹಳೆಯ ಅಭ್ಯಾಸ. ಅಂಬಾಸಿಡರ್ ಓಡಿಸಿದವರನ್ನು ಕೇಳಿದರೆ 'ನಮ್ಮ ಸೆಕೆಗೆ ವಾಲ್ವ್ ಯಾಕೆ, ತೆಗೆದು ಬಿಸಾಕಿ' ಎನ್ನುತ್ತಾರೆ. ಆ ಕಾಲದ ಎಂಜಿನ್‌ಗಳಲ್ಲಿ ಅದು ಎಷ್ಟೋ ಸಲ ನಡೆಯುತ್ತಿತ್ತು. ಅದನ್ನೇ ಕಲಿತವರು ಈಗಿನ ಎಂಜಿನ್‌ಗೂ ಮಾಡುತ್ತಾರೆ. ಕಾರು ಕೂಡಲೇ ತಣ್ಣಗೆ ಓಡುತ್ತದೆ, ಗ್ರಾಹಕರಿಗೂ ಖುಷಿ. ಆದರೆ ಈ ಎಂಜಿನ್‌ನ ಥರ್ಮೋಸ್ಟಾಟ್ ಎರಡು ಕೆಲಸ ಮಾಡುತ್ತದೆ. ಅದರೊಳಗೆ ಒಂದು ಮೇಣದ ಗುಳಿಗೆ ಇದೆ. ಬಿಸಿಗೆ ಮೇಣ ಹಿಗ್ಗಿ ಒಂದು ಕಡ್ಡಿಯನ್ನು ತಳ್ಳುತ್ತದೆ. ಮುಂದಿನ ಬಿಲ್ಲೆ ತೆರೆದು ರೇಡಿಯೇಟರ್ ದಾರಿ ಬಿಡುತ್ತದೆ. ಅದೇ ಹೊತ್ತಿಗೆ ಹಿಂದಿನ ಇನ್ನೊಂದು ಸಣ್ಣ ಬಿಲ್ಲೆ ಬೈಪಾಸ್ ತೂತನ್ನು ಮುಚ್ಚುತ್ತದೆ. ಬೈಪಾಸ್ ಎಂದರೆ ಎಂಜಿನ್‌ನಿಂದ ಹೊರಟ ನೀರು ರೇಡಿಯೇಟರ್‌ಗೆ ಹೋಗದೆ ನೇರ ಪಂಪಿಗೆ ವಾಪಸ್ ಬರುವ ದಾರಿ. ಎಂಜಿನ್ ಬೇಗ ಬೆಚ್ಚಗಾಗಲಿ ಎಂದು ಅದನ್ನು ಇಟ್ಟಿರುತ್ತಾರೆ. ವಾಲ್ವ್ ಪೂರ್ತಿ ತೆಗೆದರೆ ಆ ತೂತು ಮುಚ್ಚುವವರೇ ಇಲ್ಲ. ಹೊಲದ ನಡುವೆ ಕಾಲುದಾರಿ ಇರುವಾಗ ಸುತ್ತುರಸ್ತೆ ಯಾರೂ ಹಿಡಿಯುವುದಿಲ್ಲ, ನೀರೂ ಅಷ್ಟೇ. ರೇಡಿಯೇಟರ್‌ನ ಸಣ್ಣ ಟ್ಯೂಬ್‌ಗಳಲ್ಲಿ ನುಗ್ಗುವ ಬದಲು ಬೈಪಾಸ್‌ನಲ್ಲೇ ತಿರುಗುತ್ತದೆ. ಸಮತಟ್ಟಿನಲ್ಲಿ ರೇಡಿಯೇಟರ್‌ಗೆ ಹೋಗುವ ಸ್ವಲ್ಪ ನೀರೇ ಸಾಕು, ಜೊತೆಗೆ ಫ್ಯಾನ್ ಸದಾ ಓಡುತ್ತಿದೆ, ಹಾಗಾಗಿ 70. ಘಾಟಿಯಲ್ಲಿ ಆ ಸ್ವಲ್ಪ ನೀರು ಯಾತಕ್ಕೂ ಸಾಲುವುದಿಲ್ಲ.

ಹೊಸ ಥರ್ಮೋಸ್ಟಾಟ್ ತರಿಸಿದೆ. ಮೇಲೆ 82 ಎಂದು ಕೆತ್ತಿದೆ. ಹೊಸ ಪಾರ್ಟ್ ಆದರೂ ನಾನು ಕೂರಿಸುವ ಮೊದಲು ಪರೀಕ್ಷೆ ಮಾಡುತ್ತೇನೆ. ಒಂದು ಪಾತ್ರೆಯಲ್ಲಿ ನೀರು, ದಾರದಲ್ಲಿ ಇಳಿಬಿಟ್ಟ ಥರ್ಮೋಸ್ಟಾಟ್, ತಳ ಮುಟ್ಟದ ಹಾಗೆ, ಪಕ್ಕದಲ್ಲಿ ಥರ್ಮಾಮೀಟರ್. ದಾರದ ತುದಿಯನ್ನು ಕಟ್ಟದೆ ಬಿಲ್ಲೆಯ ಸಂದಿಗೆ ಸಿಕ್ಕಿಸುವುದೇ ಇದರ ಗುಟ್ಟು. ಬಿಲ್ಲೆ ಕೂದಲೆಳೆಯಷ್ಟು ತೆರೆದರೂ ದಾರ ಸಡಿಲವಾಗಿ ಥರ್ಮೋಸ್ಟಾಟ್ ಕೆಳಗೆ ಜಾರುತ್ತದೆ. ಅದು ಜಾರಿದ್ದು 83ಕ್ಕೆ. 95ರ ಹೊತ್ತಿಗೆ ಪೂರ್ತಿ ತೆರೆದಿತ್ತು. ಸಕಲೇಶಪುರದ ಎತ್ತರದಲ್ಲಿ ತೆರೆದ ಪಾತ್ರೆಯ ನೀರು 97 ಡಿಗ್ರಿಗೇ ಕುದಿಯುತ್ತದೆ, ಈ ಪರೀಕ್ಷೆಗೆ ಅಷ್ಟು ಸಾಕು. ಅಂದ ಹಾಗೆ, ರೇಡಿಯೇಟರ್ ಕ್ಯಾಪ್ ಬರೀ ಮುಚ್ಚಳ ಅಲ್ಲ ಎನ್ನುವುದೂ ಇದರಿಂದಲೇ ತಿಳಿಯುತ್ತದೆ. 0.9 ಬಾರ್ ಒತ್ತಡ ಹಿಡಿದಿಟ್ಟರೆ ಬರೀ ನೀರು ಕೂಡ ಸುಮಾರು 118 ಡಿಗ್ರಿವರೆಗೆ ಕುದಿಯುವುದಿಲ್ಲ. ಬಿಸಿ ಇರುವಾಗ ಕ್ಯಾಪ್ ತಿರುಗಿಸಿದರೆ ಆ ಒತ್ತಡ ಹೋಗುತ್ತದೆ, ನೂರು ದಾಟಿದ ನೀರು ಒಮ್ಮೆಲೇ ಕುದಿದು ಮುಖಕ್ಕೆ ಹಾರುತ್ತದೆ. ದಯವಿಟ್ಟು ಯಾರೂ ಹಾಗೆ ಮಾಡಬೇಡಿ, ಬಟ್ಟೆ ಹಿಡಿದುಕೊಂಡೂ ಮಾಡಬೇಡಿ.

ಥರ್ಮೋಸ್ಟಾಟ್‌ನ ಅಂಚಿನಲ್ಲಿರುವ ಅಲ್ಲಾಡುವ ಸಣ್ಣ ಪಿನ್ ಮೇಲ್ಗಡೆಗೆ ಬರುವ ಹಾಗೆ ಕೂರಿಸಿದೆ. ಸಿಕ್ಕಿಕೊಂಡ ಗಾಳಿ ಅಲ್ಲಿಂದ ಹೊರಬರಬೇಕು. ಫ್ಯಾನ್‌ನ ಡೈರೆಕ್ಟ್ ವೈರ್ ಕಿತ್ತು, ಹೊಸ ರಿಲೇ ಹಾಕಿ, ಮೊದಲಿನಂತೆ ಇಸಿಯು ಕೈಗೆ ಕೊಟ್ಟೆ. ಕಾರಿನ ಮೂತಿ ಎತ್ತರಕ್ಕೆ ನಿಲ್ಲಿಸಿ, ಹೀಟರ್ ಪೂರ್ತಿ ಬಿಸಿಗೆ ತಿರುಗಿಸಿ, ತಣ್ಣಗಿನ ಎಂಜಿನ್‌ನಲ್ಲೇ ನಿಧಾನವಾಗಿ ಕೂಲಂಟ್ ತುಂಬಿಸಿದೆ. ಫ್ಯಾನ್ ಎರಡು ಮೂರು ಸಲ ಬಂದು ನಿಲ್ಲುವವರೆಗೂ ಕಾದೆ.

ಮತ್ತೆ ಘಾಟಿ. ಈ ಸಲ ಕೆಂಪಿಗೆ ಹೋಗದೆ ಮೇಲೆ ಬಂತು. ಮಾಲೀಕರು ಅಷ್ಟಕ್ಕೇ ಸಂತೋಷಪಟ್ಟರು. ಆದರೆ ಸ್ಕ್ಯಾನರ್ 104 ತೋರಿಸಿತ್ತು, ಹೋಸ್‌ಗಳ ಅಂತರ ಇನ್ನೂ 20ರ ಮೇಲಿತ್ತು. ಮಳೆಗಾಲದಲ್ಲಿ ಇದು ನಡೆಯುತ್ತದೆ. ಏಪ್ರಿಲ್ ಬಿಸಿಲಿನಲ್ಲಿ, ಅರ್ಧ ಗಂಟೆ ಜಾಮ್‌ನಲ್ಲಿ ಸಿಕ್ಕಿಕೊಂಡರೆ ಮತ್ತೆ ಅಲ್ಲೇ ನಿಲ್ಲುತ್ತದೆ. ಇನ್ನೊಂದು ಪ್ರಶ್ನೆಯೂ ಬಾಕಿ ಇತ್ತು. ಮೊದಲು ವಾಲ್ವ್ ತೆಗೆದವರು ಯಾಕೆ ತೆಗೆದರು? ಆಗ ಏನೋ ಒಂದು ಕಾರಣಕ್ಕೆ ಎಂಜಿನ್ ಬಿಸಿಯಾಗುತ್ತಿತ್ತು. ಆ ಕಾರಣ ಇನ್ನೂ ಒಳಗೇ ಇದೆ.

ಪಂಪ್ ಬಿಚ್ಚಿದೆ. ಈ ಎಂಜಿನ್‌ನಲ್ಲಿ ಪಂಪ್ ಹೊರಗಿನ ಬೆಲ್ಟ್‌ನಲ್ಲಿ ತಿರುಗುವುದರಿಂದ ದೊಡ್ಡ ಕೆಲಸವಲ್ಲ. ಹೊರಗಿನಿಂದ ಪಂಪ್ ಒಳ್ಳೆಯದೇ ಇತ್ತು. ಬೇರಿಂಗ್ ಸದ್ದಿಲ್ಲ, ಲೀಕ್ ಇಲ್ಲ. ತಿರುಗಿಸಿ ನೋಡಿದರೆ ನೀರು ತಳ್ಳುವ ಚಕ್ರದ, ಅಂದರೆ ಇಂಪೆಲ್ಲರ್‌ನ, ತಗಡಿನ ರೆಕ್ಕೆಗಳು ತುಕ್ಕು ತಿಂದು ಅರ್ಧಕ್ಕೆ ಇಳಿದಿವೆ. ಅಂಚು ಗರಗಸದ ಹಲ್ಲಿನ ಹಾಗೆ ಒರಟು, ಬೆರಳು ಆಡಿಸಿದರೆ ಕಂದು ಪುಡಿ ಉದುರಿತು. ರೆಕ್ಕೆಗೂ ಪಂಪಿನ ಗೋಡೆಗೂ ನಡುವೆ ಒಂದು ಮಿಲಿಮೀಟರ್ ಇರಬೇಕಾದ ಸಂದಿಯಲ್ಲಿ ನನ್ನ ಕಿರುಬೆರಳ ತುದಿ ಹೋಗುತ್ತಿತ್ತು. ಇಂಥ ಪಂಪ್ ತಿರುಗುತ್ತದೆ, ಆದರೆ ನೀರನ್ನು ತಳ್ಳುವುದಿಲ್ಲ.

ಯಾಕೆ ತುಕ್ಕು? ವರ್ಷಗಟ್ಟಲೆ ಕೂಲಂಟ್ ಬದಲು ಬೋರ್ ನೀರು. ಬಯಲುಸೀಮೆಯ ಬೋರ್ ನೀರಿನಲ್ಲಿ ಸುಣ್ಣದಂಶ ಜಾಸ್ತಿ. ಮನೆಯಲ್ಲಿ ನೀರು ಕಾಯಿಸುವ ಹಂಡೆಯ ತಳದಲ್ಲಿ ಕಟ್ಟುವ ಬಿಳಿ ಪೊರೆಯೇ ಎಂಜಿನ್ ಬ್ಲಾಕ್ ಒಳಗೂ, ರೇಡಿಯೇಟರ್ ಟ್ಯೂಬ್ ಒಳಗೂ ಕಟ್ಟುತ್ತದೆ. ಬರೀ ನೀರಿನಲ್ಲಿ ತುಕ್ಕು ತಡೆಯುವ ರಾಸಾಯನಿಕವೂ ಇಲ್ಲ. ಜನ ಕೂಲಂಟ್ ಎಂದರೆ ತಣ್ಣಗೆ ಮಾಡುವ ದ್ರವ ಎಂದುಕೊಳ್ಳುತ್ತಾರೆ. ಬಿಸಿ ಹೊತ್ತೊಯ್ಯುವುದರಲ್ಲಿ ಬರೀ ನೀರೇ ಮೇಲು. ಎಥಿಲೀನ್ ಗ್ಲೈಕಾಲ್ ಸೇರಿಸುವುದು ಚಳಿದೇಶಗಳಲ್ಲಿ ನೀರು ಹೆಪ್ಪುಗಟ್ಟದಿರಲು, ಜೊತೆಗೆ ಕುದಿಯುವ ಬಿಂದು ಏರಿಸಲು. ತುಕ್ಕು ತಡೆಯುವ ರಾಸಾಯನಿಕಗಳೂ ಅದರ ಜೊತೆಗೇ ಬರುತ್ತವೆ. ನಮ್ಮಲ್ಲಿ ಹಿಮ ಬೀಳದಿದ್ದರೂ ಕೂಲಂಟ್ ಬೇಕಾಗುವುದು ಇದಕ್ಕೇ. ಕಾನ್ಸಂಟ್ರೇಟ್ ತಂದರೆ ಡಿಸ್ಟಿಲ್ಡ್ ವಾಟರ್ ಜೊತೆ ಅರ್ಧಕ್ಕರ್ಧ ಬೆರೆಸಬೇಕು. ಹಾಗೇ ಪೂರ್ತಿ ಸುರಿದರೆ ಬಿಸಿ ಸಾಗುವುದು ಇನ್ನೂ ಕಡಿಮೆಯಾಗುತ್ತದೆ. ಬಣ್ಣ ನೋಡಿ ಬೆರೆಸುವುದೂ ಬೇಡ, ಒಂದೊಂದು ಕಂಪನಿಯ ಹಸಿರು ಒಂದೊಂದು ಥರ.

ಹೊಸ ಪಂಪ್ ಹಾಕುವ ಮೊದಲು ಬ್ಲಾಕ್ ತೊಳೆದೆ. ಹೊಸ ರೇಡಿಯೇಟರ್‌ಗೆ ಕೊಳೆ ಹೋಗದ ಹಾಗೆ ಅದನ್ನು ಬೇರ್ಪಡಿಸಿ, ಹೋಸ್ ಮೂಲಕ ಹಿಂದುಮುಂದಾಗಿ ನೀರು ಬಿಟ್ಟೆ. ಮೊದಲು ಬಂದದ್ದು ಚಹಾ ಬಣ್ಣದ ನೀರು, ಜೊತೆಗೆ ಪದರ ಪದರವಾದ ತುಕ್ಕು. ತಿಳಿಯಾಗುವವರೆಗೂ ಬಿಟ್ಟೆ. ತೆಗೆದ ಹಳೇ ಕೂಲಂಟನ್ನು ಡಬ್ಬಿಯಲ್ಲಿ ತುಂಬಿ ಮುಚ್ಚಿಟ್ಟೆ. ಗ್ಲೈಕಾಲ್ ಸಿಹಿಯಾಗಿರುತ್ತದೆ, ನಾಯಿ ಬೆಕ್ಕು ನೆಕ್ಕಿದರೆ ಕಿಡ್ನಿ ಹೋಗಿ ಸಾಯುತ್ತವೆ. ಚರಂಡಿಗೆ ಚೆಲ್ಲುವ ಗ್ಯಾರೇಜುಗಳಿಗೆ ಇದನ್ನು ಎಷ್ಟು ಸಲ ಹೇಳಿದರೂ ಸಾಲದು.

ಮೂರನೇ ಸಲ ಹತ್ತಿದಾಗ ಲಾರಿಗಳ ಸಾಲು ಮೊದಲಿಗಿಂತ ಉದ್ದವಿತ್ತು. ಮಾರನಹಳ್ಳಿವರೆಗೂ ಒಂದನೇ, ಎರಡನೇ ಗೇರ್. ಸ್ಕ್ಯಾನರ್ 93ರಿಂದ 98ರ ನಡುವೆ ಆಡಿತು. 98ಕ್ಕೆ ಫ್ಯಾನ್ ಬರುತ್ತಿತ್ತು, 93ಕ್ಕೆ ನಿಲ್ಲುತ್ತಿತ್ತು. ಹೋಸ್‌ಗಳ ಅಂತರ 9 ಡಿಗ್ರಿ. ಸಮತಟ್ಟಿನಲ್ಲಿ 86ರಿಂದ 90.

ಥರ್ಮೋಸ್ಟಾಟ್, ಪಂಪ್, ಬೆಲ್ಟ್, ರಿಲೇ, ಕೂಲಂಟ್, ಕೂಲಿ ಎಲ್ಲ ಸೇರಿ ಬಿಲ್ ಎಂಟು ಸಾವಿರದ ಒಳಗೆ ಮುಗಿಯಿತು. ಹೆಡ್ ಇಳಿಸಿದ್ದರೆ ಮೂವತ್ತು ಸಾವಿರವೂ ಹೋಗಿ, ಪಂಪೂ ವಾಲ್ವೂ ಹಾಗೇ ಉಳಿಯುತ್ತಿದ್ದವು. ಆಮೇಲೆ ಫೋನ್ ಮಾಡಿದಾಗ ಮೈಲೇಜ್ ಹದಿನೈದು ದಾಟಿದೆ ಎಂದರು.

ಒಂದು ಕೆಲಸ ಉಳಿದಿದೆ. ಕ್ಯಾಬಿನ್ ಹೀಟರ್‌ನಿಂದ ಬರುವ ಗಾಳಿ ಉಗುರುಬೆಚ್ಚಗಷ್ಟೇ ಇದೆ. ಅಂದರೆ ಹೀಟರ್ ಕೋರ್‌ನ, ಹೀಟರ್ ಒಳಗಿನ ಪುಟ್ಟ ರೇಡಿಯೇಟರ್‌ನ, ಸಣ್ಣ ಟ್ಯೂಬ್‌ಗಳಲ್ಲಿ ಸುಣ್ಣ ಕಟ್ಟಿಕೊಂಡಿರಬೇಕು. ಅದನ್ನು ತೆಗೆಯಲು ಡ್ಯಾಶ್‌ಬೋರ್ಡ್ ಪೂರ್ತಿ ಬಿಚ್ಚಬೇಕು. ಎಂಜಿನ್‌ಗೆ ಅದರಿಂದ ಈಗ ತೊಂದರೆಯಿಲ್ಲ. ಆದರೆ ಘಾಟಿಯಲ್ಲಿ ಎಂದಾದರೂ ಬಿಸಿ ಏರಿದರೆ ಎಸಿ ಆಫ್ ಮಾಡಿ, ಹೀಟರ್ ಫುಲ್ ಬಿಟ್ಟು ಎಂಜಿನ್ ಬಿಸಿ ಇಳಿಸುವ ಉಪಾಯ ಈ ಕಾರಿನಲ್ಲಿ ಅಷ್ಟಾಗಿ ನಡೆಯುವುದಿಲ್ಲ, ನಿಲ್ಲಿಸಲೇಬೇಕು. ಇದನ್ನು ಮಾಲೀಕರಿಗೆ ಹೇಳಿದ್ದೇನೆ. ಬ್ಲಾಕ್‌ನಲ್ಲಿ ಉಳಿದ ತುಕ್ಕು ನಿಧಾನವಾಗಿ ಬಿಟ್ಟುಕೊಳ್ಳುವುದರಿಂದ ಈ ಕೂಲಂಟನ್ನು ಒಂದು ವರ್ಷಕ್ಕೇ ಬದಲಿಸಲು ಬರಬೇಕು, ಹೀಟರ್ ಕೋರ್ ವಿಷಯ ಆಗ ನೋಡೋಣ ಎಂದು ಮಾತಾಗಿದೆ.